ಏಳನೇ ಬಾಟಲಿ

ಎರಡು ಗಾಜಿನ ಲೋಟಗಳನ್ನು ಎದುರಿಗಿಟ್ಟುಕೊಂಡು ನಾನೂ ನಿಝಾರನೂ ಹನ್ನೆರಡು ನಿಮಿಷದಿಂದ ನೋಡುತ್ತಾ ಕೂತಿದ್ದೆವು.

ಬಿ.ಸಿ.ರೋಡ್ ಬಸ್‌ಸ್ಟ್ಯಾಂಡಿನ ಎದುರು ನಿಝಾರನದ್ದು ಮೊಬೈಲ್ ರಿಪೇರಿಯ ಅಂಗಡಿ. ಒಡೆದ ಪರದೆ ತೆಗೆದು ಹೊಸದು ಅಂಟಿಸುವುದರಲ್ಲಿ ಅವನನ್ನು ಮೀರಿಸುವವರು ಈ ತಾಲೂಕಿನಲ್ಲಿ ಇಲ್ಲ. ಅಂಟು ಒಣಗಿಸಲು ಅವನ ಬಳಿ ನೇರಳೆ ಬೆಳಕಿನ ಒಂದು ಟಾರ್ಚ್ ಇದೆ. ಅದಕ್ಕಾಗಿಯೇ ನಾನು ಅಲ್ಲಿಗೆ ಹೋಗಿದ್ದೆ.

ಮೊದಲು ನನ್ನ ಜೇಬಿನಲ್ಲಿದ್ದ ಎರಡು ಶೀಶೆಗಳನ್ನು ಆ ಬೆಳಕಿಗೆ ಹಿಡಿದೆವು. ಒಂದರಲ್ಲಿ ಮೂಡುಬಿದಿರೆಯ ಪುಡಿ, ಇನ್ನೊಂದರಲ್ಲಿ ಬೆಳ್ತಂಗಡಿಯ ಪುಡಿ. ಹಗಲಿಗೆ ಎರಡೂ ಮೈದಾ ಹಿಟ್ಟಿನಷ್ಟೇ ಬಿಳಿ. ಟಾರ್ಚಿನ ಬೆಳಕು ಬಿದ್ದದ್ದೇ ಎರಡೂ ಕೆಂಪಗೆ ಹೊಳೆದವು. ಒಂದೇ ತಾಯಿಯ ಮಕ್ಕಳು, ಸಂಶಯವೇ ಇಲ್ಲ.

"ವ್ಯತ್ಯಾಸ ಎಂತದೂ ಇಲ್ಲ ವೆಂಕಪ್ಪಣ್ಣ," ಎಂದ ನಿಝಾರ್.

"ನೀರಿಗೆ ಹಾಕುವ," ಎಂದೆ ನಾನು.

ಹಾಕಿ ಕಲಕಿ ಕೂತದ್ದು ಹೀಗೆ. ಹನ್ನೆರಡು ನಿಮಿಷ ಕಳೆಯುವಾಗ ಬೆಳ್ತಂಗಡಿಯ ಲೋಟದ ನೀರು ತಿಳಿಯಾಗಿತ್ತು, ಪುಡಿಯೆಲ್ಲ ಮರಳಿನ ಹಾಗೆ ತಳ ಸೇರಿತ್ತು. ಮೂಡುಬಿದಿರೆಯ ಲೋಟ ಮಾತ್ರ ಹಾಲಿನಂತೆ ಹಾಗೇ ಇತ್ತು.

ನಾನು ಕಾಲು ಚಾಚಿ ಕುರ್ಚಿಗೆ ಒರಗಿದೆ. ಮೂವತ್ತನಾಲ್ಕು ವರ್ಷ ಪೊಲೀಸ್ ಇಲಾಖೆಯಲ್ಲಿ ದುಡಿದು, ಹೆಡ್ ಕಾನ್ಸ್‌ಟೇಬಲ್ ಆಗಿ ನಿವೃತ್ತನಾಗಿ, ಈಗ ಖಾಸಗಿ ವಿಚಾರಣೆ ನಡೆಸುವ ನನಗೆ ರಸಾಯನಶಾಸ್ತ್ರ ಗೊತ್ತಿಲ್ಲ. ಕಳ್ಳರು ಗೊತ್ತು. ಈ ಕಳ್ಳ ಅರ್ಧ ಮಾತ್ರ ಕದ್ದಿದ್ದಾನೆ ಎಂದು ಆ ಲೋಟ ನನಗೆ ಹೇಳಿತು.

ಇಷ್ಟು ಗೊತ್ತಿದ್ದರೆ ಸಾಕು: ಮೂಡುಬಿದಿರೆಯ ಸಂಪತ್‌ಕುಮಾರರ ಪುಟ್ಟ ಘಟಕದಲ್ಲಿ ಪರದೆಗಳಿಗೆ ಕೆಂಪು ಬಣ್ಣ ಕೊಡುವ ಫಾಸ್ಫರ್ ಪುಡಿ ತಯಾರಾಗುತ್ತದೆ, ಅದನ್ನು ಮಾಡುವ ಗುಟ್ಟು ಬೆಳ್ತಂಗಡಿಯ ಬೋರ್ಡಿಲ್ಲದ ಒಂದು ಶೆಡ್ಡಿಗೆ ಸೋರಿದೆ, ಬುಧವಾರ ಸಂಜೆಯೊಳಗೆ ನಾನು ಕಳ್ಳನನ್ನು ತೋರಿಸದಿದ್ದರೆ ಫಾಹಿಮಾಳ ಮೇಲೆ ಠಾಣೆಗೆ ದೂರು ಹೋಗುತ್ತದೆ. ಈ ದಿನ ಮಂಗಳವಾರ.

ಫಾಹಿಮಾ ಎಂದರೆ ಆ ಪುಡಿಯ ತಾಯಿ. ಮೆಲ್ಕಾರಿನ ಹುಡುಗಿ, ವಯಸ್ಸು ಇಪ್ಪತ್ತೇಳು. ಇಟ್ರಿಯಂ, ಯುರೋಪಿಯಂ ಎಂಬ ಅಪರೂಪದ ಲೋಹಗಳ ಉಪ್ಪನ್ನು ನೀರಿನಲ್ಲಿ ಕರಗಿಸಿ, ಅದಕ್ಕೊಂದು ಅಂಟು ಬೆರೆಸಿ, ಕಾಯಿಸಿ ಉರಿಸಿ, ಆಮೇಲೆ ಫರ್ನೇಸಿನಲ್ಲಿ ಬೇಯಿಸುವ ವಿಧಾನ ಅವಳದ್ದು. "ಕೂದಲಿನ ದಪ್ಪದಲ್ಲಿ ಸಾವಿರ ಕಣ ಸಾಲಾಗಿ ನಿಲ್ಲಬೇಕು ಸಾರ್, ಅಷ್ಟು ಸಣ್ಣ ಆದ್ರೆ ಮಾತ್ರ ಹೊಸ ಪರದೆಗೆ ಆಗ್ತದೆ," ಎಂದು ಅವಳು ನನಗೆ ಮೊದಲ ದಿನವೇ ವಿವರಿಸಿದ್ದಳು. ಬೆಂಗಳೂರಿನ ಪರದೆ ಕಂಪೆನಿಯವರು ಗುರುವಾರ ಹನ್ನೊಂದಕ್ಕೆ ಬಂದು ಅವಳ ಕೈಯಾರೆ ಮಾಡಿಸಿ ನೋಡುವವರಿದ್ದರು. ಕಳೆದ ವಾರ ಅದೇ ಕಂಪೆನಿಗೆ ಬೆಳ್ತಂಗಡಿಯಿಂದ ಅದೇ ಸಾಮಗ್ರಿಯ, ಅದೇ ಪ್ರಮಾಣದ ಪುಡಿ ಹೋಯಿತು. ಫಾಹಿಮಾ ತನ್ನ ಬುದ್ಧಿಯಿಂದ ಸೇರಿಸಿದ ಚಿಟಿಕೆ ಲಿಥಿಯಂ ಕೂಡ ಅದರಲ್ಲಿತ್ತು. ಆ ಚಿಟಿಕೆ ಇದ್ದದ್ದು ಅವಳ ನೋಟ್‌ಬುಕ್ಕಿನಲ್ಲಿ ಮಾತ್ರ. ಅದನ್ನು ಇಡುವ ಕಪಾಟಿನ ಕೀಲಿ ಎರಡು: ಒಂದು ಸಂಪತ್‌ಕುಮಾರರ ಬಳಿ, ಒಂದು ಅವಳ ಬಳಿ.

"ನೋಟ್‌ಬುಕ್ಕಿನಲ್ಲಿ ಬರೆದದ್ದೆಲ್ಲ ಬೆಳ್ತಂಗಡಿಗೆ ಹೋಗಿದೆ. ಬರೆಯದ್ದು ಎಂತದೋ ಉಂಟು, ಅದು ಹೋಗಲಿಲ್ಲ," ಎಂದೆ. "ಬರೆಯದ್ದು ಎಂತ ಅಂತ ಗೊತ್ತಾದ್ರೆ ಕಳ್ಳ ಕೈಗೆ ಸಿಕ್ಕಿದ ಹಾಗೆ. ಒಂದು ಚಾ ಹೇಳು ಮಾರಾಯ, ನೀನೂ ಕುಡಿ."

"ನೀವು ಕುಡೀರಿ. ನನಗೆ ನೋಂಬು ಅಲ್ವಾ."

ರಂಝಾನಿನ ಹದಿಮೂರನೇ ಉಪವಾಸ. ಮರೆತೇ ಹೋಗಿತ್ತು. ಚಾ ಬಂತು, ಒಂದು ಗುಟುಕು ಕುಡಿದೆ. ಎರಡನೇ ಗುಟುಕಿಗೆ ಎತ್ತಿದ ಲೋಟವನ್ನು ಹಾಗೇ ಕೆಳಗಿಟ್ಟೆ.

ಹಿಂದಿನ ದಿನ ಮೂಡುಬಿದಿರೆಯ ಘಟಕದಲ್ಲಿ ಕೂತು ಗೇಟಿನ ಕ್ಯಾಮರಾದ ಹತ್ತು ದಿನಗಳ ಚಿತ್ರ ನೋಡಿದ್ದೆ. ಪ್ರತಿ ಬೆಳಿಗ್ಗೆ ಎಂಟೂವರೆಗೆ ಫಾಹಿಮಾ ಒಳಗೆ ಬರುತ್ತಾಳೆ. ಹೆಗಲಿಗೆ ಚೀಲ, ಕೈಯಲ್ಲಿ ಸ್ಟೀಲಿನ ಬುತ್ತಿ. ಕೆಲಸಕ್ಕೆ ಹೋಗುವವಳ ಕೈಯಲ್ಲಿ ಬುತ್ತಿ ಇರುವುದರಲ್ಲಿ ಏನು ವಿಶೇಷ ಎಂದು ನಾನೂ ಮುಂದಕ್ಕೆ ಓಡಿಸಿದ್ದೆ.

ಉಪವಾಸ ಹಿಡಿದವಳಿಗೆ ಬೆಳಿಗ್ಗೆ ಬುತ್ತಿ ಯಾಕೆ?

ಟಾರ್ಚನ್ನು ಕೇಳದೆಯೇ ಜೇಬಿಗೆ ಹಾಕಿಕೊಂಡು ಮೆಲ್ಕಾರಿನ ಬಸ್ ಹತ್ತಿದೆ.

*

ಮನೆಯಲ್ಲಿ ಇದ್ದದ್ದು ಫಾಹಿಮಾಳ ಅಜ್ಜಿ ಐಸಮ್ಮ ಮತ್ತು ಅಣ್ಣ ಹಿಶಾಮ್. ಐಸಮ್ಮನಿಗೆ ಎಂಬತ್ತು ದಾಟಿದೆ. ಹಾಗಾಗಿ ಮೊಮ್ಮಗಳ ಮೇಲೆ ಬಂದ ಅಪವಾದದ ಬಗ್ಗೆ ಯಾರೂ ಅವರಿಗೆ ಹೇಳಿರಲಿಲ್ಲ. ನಾನು ಘಟಕದ ಕಡೆಯವನು, ಏನೋ ಕಾಗದಪತ್ರಕ್ಕೆ ಬಂದವನು ಎಂದುಕೊಂಡರು. ಹಿಶಾಮನಿಗೆ ಎಲ್ಲ ಗೊತ್ತಿತ್ತು. ದುಬೈಯಲ್ಲಿ ಕೆಲಸ, ರಜೆಯಲ್ಲಿ ಬಂದು ಎರಡು ತಿಂಗಳಾಗಿದೆ. ತಂಗಿಯನ್ನು ಬೆಳಿಗ್ಗೆ ಬಸ್ಸಿಗೆ ಬಿಡುವುದು, ಸಂಜೆ ಮೂಡುಬಿದಿರೆಯವರೆಗೂ ಬೈಕಿನಲ್ಲಿ ಹೋಗಿ ಇಫ್ತಾರಿನೊಳಗೆ ಮನೆಗೆ ಕರೆತರುವುದು ಅವನೇ.

"ಅವಳಿಗೆ ಆದ ಅನ್ಯಾಯ ನೋಡಿ ಸಾರ್," ಎಂದು ಅವನು ನನ್ನನ್ನು ಜಗಲಿಯಲ್ಲೇ ಹಿಡಿದು ನಿಲ್ಲಿಸಿದ. "ಎರಡು ತಿಂಗಳಿಂದ ನೋಡ್ತಿದ್ದೇನೆ, ಆ ಪುಡಿ ಬಿಟ್ಟು ಬೇರೆ ಮಾತಿಲ್ಲ ಅವಳಿಗೆ. ಹಳೇ ಫೋನಿನಲ್ಲಿ ಫೋಟೋ ತೆಗೆದು ತೆಗೆದು ಜಾಗವೇ ಇರಲಿಲ್ಲ. ಹೊಸ ಫೋನ್ ತಂದದ್ದು ನಾನೇ. ಹಳತರಲ್ಲಿ ಇದ್ದದ್ದೆಲ್ಲ ಒಂದೂ ಬಿಡದೆ ಅದಕ್ಕೆ ಹಾಕಿ ಕೊಟ್ಟೆ. ಅಂಥವಳು ಕದೀತಾಳಾ?"

ಒಳ್ಳೆಯ ಅಣ್ಣ ಎಂದುಕೊಂಡೆ. ಅಡುಗೆಮನೆಯ ಬಾಗಿಲಲ್ಲಿ ಕೂತು ಐಸಮ್ಮನ ಜೊತೆ ಮಾತಿಗೆ ಇಳಿದೆ.

ಒಲೆಯ ಮೇಲೆ ಸಕ್ಕರೆ ಪಾಕ ಕುದಿಯುತ್ತಿತ್ತು. ಅಜ್ಜಿ ತೂತು ಮಾಡಿದ ತೆಂಗಿನ ಚಿಪ್ಪಿನಿಂದ ಹಳದಿ ದ್ರವವನ್ನು ಪಾಕದ ಮೇಲೆ ಸುತ್ತು ಸುತ್ತಾಗಿ ಬಿಡುತ್ತಿದ್ದರು. ಬಿದ್ದದ್ದೇ ಅದು ಬಂಗಾರದ ಎಳೆಯಾಗಿ ಗಟ್ಟಿಯಾಗುತ್ತಿತ್ತು.

"ಮುಟ್ಟಮಾಲೆ," ಎಂದರು ಐಸಮ್ಮ. "ನನ್ನ ತಾಯಿಯ ಮನೆ ಕಾಸರಗೋಡು, ಅಲ್ಲಿಯದ್ದು. ಮೊಟ್ಟೆಯ ಹಳದಿ ಮಾತ್ರ ಇದಕ್ಕೆ. ಮೊದಲೆಲ್ಲ ಮದುವೆಗೆ ಒಮ್ಮೆ ಮಾಡುದು. ಈಗ ಹತ್ತು ತಿಂಗಳಿಂದ ದಿನಾ ಉಂಟು. ನೆರೆಮನೆಗೆಲ್ಲ ಹಂಚಿ ಹಂಚಿ ಸಾಕಾಯ್ತು ಮೋನೇ."

"ದಿನಾ ಯಾಕೆ?"

"ಹಳದಿ ಉಳಿತದಲ್ಲ. ಹನ್ನೆರಡು ಮೊಟ್ಟೆಯ ಬಿಳಿ ಆ ಹುಡುಗಿ ಬೆಳಿಗ್ಗೆ ಡಬ್ಬಿಯಲ್ಲಿ ತಗೊಂಡು ಹೋಗ್ತಾಳೆ. ತಲೆಗೆ ಹಚ್ಚಿಕೊಳ್ಳಲಿಕ್ಕೆ ಅಂತಾಳೆ, ಅಲ್ಲಿ ಯಾರೋ ಗೆಳತಿಗೂ ಬೇಕಂತೆ. ಹನ್ನೆರಡು ಮೊಟ್ಟೆ ಹಿಡಿಸುವ ತಲೆ ಯಾರಿಗುಂಟು ಹೇಳು?"

ನಾನು ನಕ್ಕೆ. ನನಗೆ ಬೇಕಾದದ್ದು ಸಿಕ್ಕಿತ್ತು. ಅಜ್ಜಿಗೆ ಏನೂ ಹೇಳಲಿಲ್ಲ.

ಫಾಹಿಮಾಳ ನೋಟ್‌ಬುಕ್ಕಿನಲ್ಲಿ, ಅಂಟು ಬೆರೆಸುವ ಹಂತದಲ್ಲಿ, ನಾನೇ ಕಣ್ಣಾರೆ ಓದಿದ ಮಾತು ಒಂದಿತ್ತು: "ಏಳನೇ ಬಾಟಲಿಯಿಂದ ಮುನ್ನೂರು ಮಿಲಿ." ಕಪಾಟಿನ ಏಳನೇ ಬಾಟಲಿಯನ್ನೂ ನೋಡಿದ್ದೆ. ಅದರಲ್ಲಿದ್ದದ್ದು ಅಂಗಡಿಯಲ್ಲಿ ಸಿಗುವ ಸಾದಾ ಗೋಂದಿನ ನೀರು. ನೋಟ್‌ಬುಕ್ಕಿನ ಮೊದಲ ಪುಟದ ಬಾಟಲಿಗಳ ಪಟ್ಟಿಯಲ್ಲೂ ಹಾಗೇ ಬರೆದಿತ್ತು.

ಸಂಪತ್‌ಕುಮಾರರು ಜೈನರು. ಅಜ್ಜಂದಿರು ತಾಳೆಗರಿ ಓದುತ್ತಿದ್ದ ಕಟ್ಟಡವನ್ನು ಅವರು ಘಟಕಕ್ಕೆ ಬಿಟ್ಟುಕೊಟ್ಟಾಗ ಹಾಕಿದ ಷರತ್ತು ಒಂದೇ. ಆ ಗೋಡೆಯೊಳಗೆ ಮಾಂಸ, ಮೊಟ್ಟೆ, ಮದ್ಯ ಬರಕೂಡದು. ಆ ಹುಡುಗಿ ದಿನಾ ಹನ್ನೆರಡು ಮೊಟ್ಟೆಯ ಬಿಳಿ ಲೋಳೆಯನ್ನು ಅದೇ ಗೋಡೆಯೊಳಗೆ ಹೊತ್ತುಕೊಂಡು ಹೋಗಿ ಅಂಟಿನ ಬದಲು ಬೆರೆಸುತ್ತಿದ್ದಳು. ನೋಟ್‌ಬುಕ್ಕಿನಲ್ಲಿ ಏಳನೇ ಬಾಟಲಿ ಎಂದು ಬರೆಯುತ್ತಿದ್ದಳು. ಕದ್ದವನು ನೋಟ್‌ಬುಕ್ಕನ್ನು ನಂಬಿ ಗೋಂದು ಹಾಕಿದ, ಅವನ ಪುಡಿ ಗಂಟು ಕಟ್ಟಿ ನೀರಿನ ತಳ ಸೇರಿತು.

*

ಮೆಲ್ಕಾರ್ ಜಂಕ್ಷನ್ನಿಗೆ ಹಿಶಾಮ್ ತನ್ನ ಬೈಕಿನಲ್ಲೇ ಬಿಟ್ಟ. ಗೆದ್ದವನ ಬಾಯಿ ಸುಮ್ಮನಿರುವುದಿಲ್ಲ. ತಂಗಿಯ ಹೆಸರು ಉಳಿಯಿತು ಎಂದು ಅಣ್ಣನಿಗಾದರೂ ಹೇಳದಿದ್ದರೆ ಹೇಗೆ ಎಂದುಕೊಂಡು, ಬೆನ್ನ ಹಿಂದೆ ಕೂತೇ ಎಲ್ಲ ಬಿಚ್ಚಿಟ್ಟೆ.

"ಮೊಟ್ಟೆಯ ಬಿಳಿಯಾ?" ಎಂದ ಅವನು, ಬೈಕ್ ನಿಧಾನ ಮಾಡಿ. "ನಾನು ದಿನಾ ಆ ಮುಟ್ಟಮಾಲೆ ತಿನ್ನುವುದು ಸಾರ್. ಬಿಳಿ ಎಲ್ಲಿ ಹೋಗ್ತದೆ ಅಂತ ಒಂದು ದಿನವೂ ಯೋಚಿಸಲಿಲ್ಲ."

"ಗಂಡಸರು ಅಡುಗೆಮನೆಗೆ ಕಣ್ಣು ಹಾಕಿದ್ರೆ ಅಲ್ವಾ ಗೊತ್ತಾಗುದು?"

ಅವನು ನಗಲಿಲ್ಲ. "ಇದರಿಂದ ಫಾಹಿಮಾ ಬಚಾವಾಗ್ತಾಳಾ?"

"ಖಂಡಿತ. ಗೊತ್ತಿದ್ದವಳು ಗೋಂದು ಹಾಕಿಸ್ತಾಳಾ?"

ಜಂಕ್ಷನ್ನಿನಲ್ಲಿ ಇಳಿದಾಗ ಗಂಟೆ ಮೂರು. ಬೆಳ್ತಂಗಡಿಯ ಶೆಡ್ಡಿನಲ್ಲಿ ವಾಚ್‌ಮನ್ ಆಗಿರುವ ಕೂಸಪ್ಪನಿಗೆ ಫೋನ್ ಮಾಡಿದೆ. ನಾನು ಠಾಣೆಯಲ್ಲಿದ್ದಾಗಿನ ಪರಿಚಯ, ನಂಬಿಕಸ್ಥ. ಅವನಿಗೆ ಯಜಮಾನ ಯಾರೆಂದು ಗೊತ್ತಿಲ್ಲ, ಕೆಲಸ ಮಾಡುವವರು ಒಳಗೆ ಯಾರನ್ನೂ ಬಿಡುವುದಿಲ್ಲ. "ಹೊಸ ಪುಡಿ ಎಂತಾದ್ರೂ ಹೊರಗೆ ಬಂದ್ರೆ ಚೂರು ತೆಗೆದು ವೇಣೂರು ಬಸ್ಸಿನ ಕಂಡಕ್ಟರ್ ಹತ್ರ ಮೂಡುಬಿದಿರೆಗೆ ಕಳಿಸು," ಎಂದೆ. ಅದು ಬರೀ ಮುನ್ನೆಚ್ಚರಿಕೆ. ಕೇಸು ಮುಗಿದಿತ್ತು ಎಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನ ಇರಲಿಲ್ಲ.

*

ಬುಧವಾರ ನಾಲ್ಕೂವರೆಗೆ ಮೂಡುಬಿದಿರೆ ತಲುಪಿದೆ. ಮೊದಲು ಹಿಡಿದದ್ದು ಫರ್ನೇಸ್ ನೋಡಿಕೊಳ್ಳುವ ಸಿನಾನನನ್ನು.

"ಉರಿಸುವಾಗ ಎಂತ ವಾಸನೆ ಬರ್ತದೆ ಸಿನಾನ್?"

ಅವನು ಎರಡು ಸಲ ಹಿಂದೆ ಮುಂದೆ ನೋಡಿದ. "ನಿಮಗೆ ಹೇಗೆ ಗೊತ್ತಾಯ್ತು?"

"ವಾಸನೆ ಹೇಳು."

"ಹೊತ್ತಿ ಹೋದ ಆಮ್ಲೆಟ್," ಎಂದ ಅವನು ಮೆಲ್ಲ. "ಹತ್ತು ತಿಂಗಳಿಂದ ಗೊತ್ತುಂಟು ಸಾರ್. ಬಾಯಿ ಬಿಡಲಿಲ್ಲ. ಧಣಿಗಳಿಗೆ ಗೊತ್ತಾದ್ರೆ ಘಟಕಕ್ಕೇ ಬಾಗಿಲು."

ಸಿನಾನ್ ನನ್ನ ಪಟ್ಟಿಯಿಂದ ಹೊರಗೆ ಬಿದ್ದ. ಆ ವಾಸನೆ ಗುರುತಿಸಿದವನು ಗೋಂದು ಹಾಕುವುದಿಲ್ಲ. ಇನ್ನು ಉಳಿದದ್ದು ಆ ವಾಸನೆಯ ಪರಿಚಯವೇ ಇಲ್ಲದವನು, ಹುಟ್ಟಿದಂದಿನಿಂದ ಮೊಟ್ಟೆ ಒಡೆದು ನೋಡದವನು. ಮಾವನ ಕೀಲಿಗೊಂಚಲು ಕೈಗೆಟುಕುವವನು. ನಾನು ವಿಚಾರಿಸಿ ತಿಳಿದಂತೆ, ಕಳೆದ ತಿಂಗಳು ಯಾರಿಗೂ ಹೇಳದೆ ಮೂರು ಸಲ ಬೆಳ್ತಂಗಡಿಗೆ ಹೋಗಿ ಬಂದವನು. ಸಂಪತ್‌ಕುಮಾರರ ಅಕ್ಕನ ಮಗ, ಘಟಕದ ಮ್ಯಾನೇಜರ್ ಜಯೇಶ್.

ಫಾಹಿಮಾ ಬಾವಿಕಟ್ಟೆಯ ಹತ್ತಿರ ಬೀಕರುಗಳನ್ನು ತೊಳೆಯುತ್ತಿದ್ದಳು. ನಾನು ಹೋಗಿ ಪಕ್ಕದಲ್ಲಿ ನಿಂತೆ.

"ನಿನ್ನ ಅಜ್ಜಿ ಮಾಡುವ ಮುಟ್ಟಮಾಲೆ ಚಂದ ಉಂಟು."

ಅವಳ ಕೈಯಲ್ಲಿದ್ದ ಬೀಕರ್ ಕೆಳಗೆ ಬೀಳಲಿಲ್ಲ, ಆದರೆ ತೊಳೆಯುವುದು ನಿಂತಿತು. ಜಾಣೆ. ಸುಳ್ಳು ಹೇಳುವ ಪ್ರಯತ್ನವನ್ನೇ ಮಾಡಲಿಲ್ಲ.

"ಯೂರಿಯಾ ಹಾಕಿ ನೋಡಿದೆ, ಸಕ್ಕರೆ ಹಾಕಿ ನೋಡಿದೆ, ಗೋಂದು ಹಾಕಿ ನಲ್ವತ್ತು ಸಲ ನೋಡಿದೆ ಸಾರ್," ಎಂದಳು. "ಎಲ್ಲ ಗಂಟು. ಒಂದು ದಿನ ಮನೆಯಲ್ಲಿ ಬಿಳಿ ಕಲಕುವಾಗ ನೊರೆ ಬಂತು, ಆ ನೊರೆ ನಿಂತದ್ದು ನೋಡಿ ತೋಚಿತು. ಬಿಳಿಯಲ್ಲಿ ಲೋಹದ ಕಣಗಳು ಒಂದಕ್ಕೊಂದು ತಾಗದೆ ದೂರ ದೂರ ಕೂತುಕೊಳ್ತವೆ. ಮೊದಲನೇ ಸಲವೇ ಸರಿಯಾಯ್ತು. ಹೇಳಬೇಕು ಅಂತಲೇ ಇದ್ದೆ. ಇವತ್ತು ಹೇಳ್ತೇನೆ, ನಾಳೆ ಹೇಳ್ತೇನೆ ಅಂತ ಹತ್ತು ತಿಂಗಳಾಯ್ತು."

"ಈಗ ಹೇಳುವ. ಹೇಳಿದ್ರೆ ನೀನು ಕಳ್ಳಿಯಲ್ಲ ಅಂತ ಗೊತ್ತಾಗ್ತದೆ."

"ಬೇಡ ಸಾರ್." ಅವಳು ತಲೆ ಎತ್ತಲಿಲ್ಲ. "ಬೇರೆ ಯಾರೂ ಕೆಲಸ ಕೊಡದಿದ್ದಾಗ ಅವರು ಈ ಕಟ್ಟಡ ಬಿಟ್ಟು ಕೊಟ್ಟವರು. ನನ್ನ ಬುತ್ತಿಯನ್ನು ಒಂದು ದಿನವೂ ತೆಗೆದು ನೋಡಲಿಲ್ಲ. ಕಳ್ಳಿ ಅಂತ ಹೇಳಿಸಿಕೊಳ್ತೇನೆ, ಇದು ಬೇಡ."

ಹುಡುಗಿಯ ಮೇಲೆ ನನಗೆ ಸಿಟ್ಟೂ ಬಂತು, ಮರುಕವೂ ಬಂತು. ದೂರು ದಾಖಲಾದರೆ ಅವಳನ್ನು ಯಾವ ಲ್ಯಾಬೂ ಒಳಗೆ ಬಿಡುವುದಿಲ್ಲ. ಅಜ್ಜಿಯ ಕಿವಿಗೆ ಬೀಳುತ್ತದೆ. ನಾಲ್ಕು ವರ್ಷದ ಕೆಲಸಕ್ಕೆ ಬೇರೆಯವರ ಹೆಸರು ಬೀಳುತ್ತದೆ.

"ನೀನು ಹೇಳದಿದ್ರೆ ನಾನು ಹೇಳ್ತೇನೆ," ಎಂದೆ. "ನಾನು ಹೇಳಿದ್ರೆ ಅದು ದೂರು. ನೀನು ಹೇಳಿದ್ರೆ ಅದು ಬೇರೆ."

*

ಸಂಪತ್‌ಕುಮಾರರು ಸೂರ್ಯ ಮುಳುಗುವ ಮೊದಲೇ ಊಟ ಮುಗಿಸುವವರು. ಐದು ಮುಕ್ಕಾಲಿಗೆ ಮನೆಗೆ ಹೋಗುತ್ತಾರೆ. ನಾವು ಅವರ ಕೋಣೆಗೆ ಹೋದಾಗ ಐದು ಗಂಟೆ ಐದು ನಿಮಿಷ. ಜಯೇಶ್ ಎದುರು ಕುರ್ಚಿಯಲ್ಲಿ ದೂರಿನ ಕಾಗದ ಟೈಪ್ ಮಾಡಿಸಿ ತಂದು ಕೂತಿದ್ದ. ಸಹಿ ಒಂದು ಬಾಕಿ.

"ಎಂತ ವೆಂಕಪ್ಪರೇ, ಸಿಕ್ಕಿದರಾ?" ಎಂದರು ಸಂಪತ್‌ಕುಮಾರರು.

"ಸಿಕ್ಕಿದ. ಮೊದಲು ಈ ಹುಡುಗಿಗೆ ಒಂದು ಮಾತು ಹೇಳಲಿಕ್ಕುಂಟು."

ಫಾಹಿಮಾ ಹೇಳಿದಳು. ಸುತ್ತಿ ಬಳಸದೆ ನಾಲ್ಕೇ ಮಾತಿನಲ್ಲಿ ಹೇಳಿದಳು. ಮೊಟ್ಟೆ ಎಂಬ ಶಬ್ದ ಬಂದಾಗ ಜಯೇಶ್ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತ. ಸಂಪತ್‌ಕುಮಾರರು ಮಾತ್ರ ಕೂತಲ್ಲಿಂದ ಅಲುಗಲಿಲ್ಲ.

"ಎಷ್ಟು ಸಮಯದಿಂದ?"

"ಹತ್ತು ತಿಂಗಳು ಸಾರ್."

ಅವರು ಎದ್ದು ಕಪಾಟು ತೆರೆದು ಏಳನೇ ಬಾಟಲಿ ತೆಗೆದರು. ಮುಚ್ಚಳ ಬಿಚ್ಚಿ ಮೂಸಿದರು.

"ಇದರಲ್ಲಿ ಗೋಂದೇ ಉಂಟಲ್ಲ."

"ತೋರಿಸ್ಲಿಕ್ಕೆ ಮಾತ್ರ ಸಾರ್. ನೀವು ನೋಟ್‌ಬುಕ್ ಓದ್ತೀರಿ ಅಂತ."

ಬಾಟಲಿಯನ್ನು ಅವರು ಮೇಜಿನ ಮೇಲಿಟ್ಟರು. ಮುಚ್ಚಳ ಬಿಗಿದರು. ಆ ಮುಖದಲ್ಲಿದ್ದದ್ದು ಸಿಟ್ಟಲ್ಲ, ನೋವು. ನೋಡುವುದಕ್ಕೆ ಸಿಟ್ಟೇ ಸುಲಭ.

"ನಿನ್ನನ್ನು ಕಳ್ಳಿ ಅಂತ ಹೇಳಿದ್ದಕ್ಕೆ ನಾನು ಕ್ಷಮೆ ಕೇಳಬೇಕು," ಎಂದರು. "ಮೊಟ್ಟೆಗೆ ನೀನು ಕೇಳಬೇಕು. ಎರಡೂ ಆಮೇಲೆ ಆಗಲಿ." ದೂರಿನ ಕಾಗದವನ್ನು ಎರಡಾಗಿ ಹರಿದರು. "ಹಾಗಾದ್ರೆ ಯಾರು ವೆಂಕಪ್ಪರೇ?"

ಫಾಹಿಮಾಳ ಕಣ್ಣಿನಿಂದ ನೀರು ಇಳಿಯಿತು. ಒರೆಸಿಕೊಳ್ಳಲೂ ಇಲ್ಲ.

ಇಂಥ ಗಳಿಗೆಗಾಗಿಯೇ ನಾನು ಬದುಕುವುದು. ಗಂಟಲು ಸರಿಮಾಡಿಕೊಂಡೆ.

"ಕದ್ದವ ನೋಟ್‌ಬುಕ್ ಓದಿದ್ದಾನೆ. ಏಳನೇ ಬಾಟಲಿ ಮೂಸಿ ಗೋಂದು ಅಂತ ತಿಳ್ಕೊಂಡಿದ್ದಾನೆ. ಮೊಟ್ಟೆ ಅವನ ತಲೆಗೇ ಬರಲಿಲ್ಲ. ಯಾಕೆ? ಮೊಟ್ಟೆ ತಿನ್ನದ ಮನೆಯವ. ಇನ್ನು ಕೀಲಿ ಯಾರ ಕೈಗೆ ಸಿಗ್ತದೆ, ಬೆಳ್ತಂಗಡಿಗೆ ಮೂರು ಸಲ ಹೋದವರು ಯಾರು ಅಂತ ನಾನು ಹೇಳಬೇಕಾ ಜಯೇಶ್?"

ಜಯೇಶನ ಮುಖ ಕೆಂಪಾಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಹಾಗೆ ಅವನ ಕೈ ಅಂಗಿಯ ಜೇಬಿಗೆ ಹೋಯಿತು.

"ಮಾವ, ನಾನು ಹೋದದ್ದು ಹೌದು," ಎಂದ. "ಶೆಡ್ಡಿಗೆ ಅಲ್ಲ." ಜೇಬಿನಿಂದ ತೆಗೆದದ್ದು ಒಂದು ಫೋಟೋ. "ಶ್ರೇಯಾ ಅಂತ. ಬೆಳ್ತಂಗಡಿಯಲ್ಲಿ ಟೀಚರ್. ಜಾತಕ ಕೂಡಿ ಬಂದಿಲ್ಲ ಅಂತ ಅಮ್ಮ ಬೇಡ ಹೇಳಿದ್ರು. ನಿಮ್ಮ ಹತ್ರ ಹೇಗೆ ಹೇಳುದು ಅಂತ ಗೊತ್ತಾಗ್ಲಿಲ್ಲ."

"ಕತೆ ಚಂದ ಉಂಟು," ಎಂದೆ ನಾನು. ಸೋಲುವ ಅಭ್ಯಾಸ ನನಗಿಲ್ಲ.

ಆಗ ಸಿನಾನ್ ಬಾಗಿಲು ತಟ್ಟಿ ಒಳಗೆ ಬಂದ. ಕೈಯಲ್ಲಿ ಪೇಪರಿನಲ್ಲಿ ಸುತ್ತಿ ನೂಲು ಕಟ್ಟಿದ ಪುಟ್ಟ ಪೊಟ್ಟಣ. "ವೇಣೂರು ಬಸ್ಸಿನವ ಕೊಟ್ಟ. ನಿಮಗಂತೆ."

ಬಿಚ್ಚಿದೆ. ಔಷಧದ ಹಳೆ ಶೀಶೆಯಲ್ಲಿ ಎರಡು ಚಮಚ ಬಿಳಿ ಪುಡಿ. ಜೊತೆಗೆ ಕೂಸಪ್ಪನ ದೊಡ್ಡ ದೊಡ್ಡ ಅಕ್ಷರದ ಚೀಟಿ. ಗಟ್ಟಿಯಾಗಿ ಓದಿದೆ. ಓದಬಾರದಿತ್ತು.

"ವೆಂಕಪ್ಪಣ್ಣನಿಗೆ ನಮಸ್ಕಾರ. ನಿನ್ನೆ ಮೂರೂವರೆಗೆ ಇಲ್ಲಿಯವರಿಗೆ ಒಂದು ಫೋನ್ ಬಂತು. ಐದು ಗಂಟೆಗೆ ಪೇಟೆಯಿಂದ ಎರಡು ಟ್ರೇ ಮೊಟ್ಟೆ ತರಿಸಿದರು. ಬಿಳಿ ಮಾತ್ರ ಒಳಗೆ ತಗೊಂಡು ಹೋದರು, ಹಳದಿ ನನಗೆ ಕೊಟ್ಟರು, ನಾಯಿಗೆ ಹಾಕಿದೆ. ಇದು ಈ ದಿನ ಬೆಳಿಗ್ಗೆ ತೆಗೆದ ಪುಡಿ. ಅವರೆಲ್ಲ ಖುಷಿಯಲ್ಲಿದ್ದಾರೆ."

ಶೀಶೆಯನ್ನು ಮೇಜಿನ ಮೇಲಿಟ್ಟೆ.

ನಿಝಾರನ ಟಾರ್ಚ್ ಹಿಡಿದೆ. ಕೆಂಪು. ಫಾಹಿಮಾ ಬೀಕರಿನಲ್ಲಿ ನೀರು ತಂದಳು, ನಾನು ಪುಡಿ ಹಾಕಿ ಕಲಕಿದೆ. ನಾವು ಐದು ಜನ ಅದನ್ನೇ ನೋಡುತ್ತಾ ನಿಂತೆವು. ಗೋಡೆಯ ಗಡಿಯಾರದಲ್ಲಿ ಐದೂ ಇಪ್ಪತ್ತು, ಇಪ್ಪತ್ತೈದು, ಮೂವತ್ತು. ನೀರು ಹಾಲಿನಂತೆ ಹಾಗೇ ಇತ್ತು.

"ನನಗೆ ಮೊಟ್ಟೆಯ ವಿಷಯ ಗೊತ್ತಾದದ್ದು ಅರ್ಧ ಗಂಟೆಯ ಹಿಂದೆ," ಎಂದ ಜಯೇಶ್. ಅವನ ದನಿಯಲ್ಲಿ ಗೆಲುವೂ ಇರಲಿಲ್ಲ, ವ್ಯಂಗ್ಯವೂ ಇರಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು.

ಹೌದು. ಮಾವನಿಗೂ ಆಗಲೇ ಗೊತ್ತಾದದ್ದು. ಸಿನಾನನಿಗೆ ಹತ್ತು ತಿಂಗಳಿಂದ ಗೊತ್ತು, ಫಾಹಿಮಾಳಿಗೂ ಗೊತ್ತು. ಅವರಲ್ಲಿ ಯಾರಾದರೂ ಆಗಿದ್ದರೆ ಮೊದಲ ದಿನವೇ ಬೆಳ್ತಂಗಡಿಗೆ ಮೊಟ್ಟೆ ಹೋಗುತ್ತಿತ್ತು. ಐಸಮ್ಮನಿಗೆ ಮೊಮ್ಮಗಳ ಕೂದಲಿನ ಚಿಂತೆ ಬಿಟ್ಟು ಬೇರೆ ಗೊತ್ತಿಲ್ಲ.

ಮಂಗಳವಾರ ಮೂರು ಗಂಟೆಯವರೆಗೆ ಗೊತ್ತಿಲ್ಲದೆ, ಮೂರೂವರೆಗೆ ಗೊತ್ತಾದವನು ಯಾರು?

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನನ್ನ ತಾಯಿ ಸಾವಿರ ಸಲ ಹೇಳಿದ್ದಳು. ಬೈಕಿನಲ್ಲಿ ಬೆನ್ನ ಹಿಂದೆ ಕೂತು ಎಲ್ಲವನ್ನೂ ಬಿಚ್ಚಿಟ್ಟದ್ದು ನಾನೇ. ಮೊಟ್ಟೆ ತಿನ್ನದವನನ್ನು ನಾನು ಹುಡುಕುತ್ತಿದ್ದೆ. ಕಳ್ಳ ದಿನಾ ಸಂಜೆ ಅದರ ಹಳದಿಯನ್ನು ತಿಂದು ಕೈ ತೊಳೆದವನು, ಬಿಳಿ ಎಲ್ಲಿ ಹೋಯಿತು ಎಂದು ಒಂದು ದಿನವೂ ಕೇಳದವನು. ಅವನೇ ನನಗೆ ಹಾಗೆ ಹೇಳಿಯೂ ಇದ್ದ.

"ಫಾಹಿಮಾ," ಎಂದೆ. "ನೋಟ್‌ಬುಕ್ಕಿನ ಫೋಟೋ ಏನಾದ್ರೂ ತೆಗೆದು ಇಟ್ಟಿದ್ದೀಯಾ?"

"ದಿನಾ ತೆಗೀತೇನೆ ಸಾರ್. ಹೋದ ಮಳೆಗಾಲ ಎರಡು ಪುಟಕ್ಕೆ ಬೂಸ್ಟು ಬಂದಿತ್ತು, ಆಮೇಲಿಂದ." ಅವಳು ಫೋನನ್ನು ಎತ್ತಿ ತೋರಿಸಿದಳು. ದುಬೈಯ ಹೊಸ ಫೋನ್. "ಯಾರಿಗೂ ಸಿಗುದಿಲ್ಲ. ಇದು ಯಾವಾಗಲೂ ನನ್ನ ಕೈಯಲ್ಲೇ ಇರ್ತದೆ."

ಹಳತರಲ್ಲಿ ಇದ್ದದ್ದೆಲ್ಲ, ಒಂದೂ ಬಿಡದೆ.

ಸಂಪತ್‌ಕುಮಾರರು ನನ್ನ ಮುಖವನ್ನೇ ನೋಡುತ್ತಿದ್ದರು. "ನಿಮಗೆ ಗೊತ್ತಾಗಿದೆ," ಎಂದರು. "ಯಾರು?"

ಜಯೇಶ್ ನನ್ನ ಕಡೆ ನೋಡುತ್ತಿದ್ದ. ಸುಳ್ಳು ಆರೋಪ ಹೊರಿಸಿದ್ದೆ, ಅವನಿಗೆ ನಾನು ಉತ್ತರ ಕೊಡಬೇಕಿತ್ತು. ಉತ್ತರ ಕೊಟ್ಟರೆ ಇಪ್ಪತ್ತೈದು ನಿಮಿಷದ ಹಿಂದೆ ಎತ್ತಿ ನಿಲ್ಲಿಸಿದ ಹುಡುಗಿಯನ್ನು ಅದೇ ಕೈಯಿಂದ ಕೆಳಗೆ ತಳ್ಳಬೇಕಿತ್ತು.

ಗೇಟಿನ ಹತ್ತಿರ ಬೈಕಿನ ಹಾರ್ನ್ ಎರಡು ಸಲ ಕೇಳಿತು.

"ಅಣ್ಣ ಬಂದ," ಎಂದಳು ಫಾಹಿಮಾ. ಮುಖ ಒರೆಸಿಕೊಂಡು ನಕ್ಕಳು, ಒಂದು ವಾರದಲ್ಲಿ ನಾನು ಕಂಡ ಮೊದಲ ನಗು. "ಸಾರ್, ಅವನಿಗೆ ಈಗಲೇ ಹೇಳ್ತೇನೆ. ನನಗಿಂತ ಹೆಚ್ಚು ಬೇಜಾರು ಮಾಡಿಕೊಂಡದ್ದು ಅವನೇ."

ನಾನು ತಡೆಯುವ ಮೊದಲೇ ಅವಳು ಅಂಗಳಕ್ಕೆ ಓಡಿದಳು. ನಾನು ಹಿಂದೆಯೇ ಹೋದೆ. ನನ್ನ ಹಿಂದೆ ಸಂಪತ್‌ಕುಮಾರರು, ಜಯೇಶ್.

ಹಿಶಾಮ್ ಗೇಟಿನ ಆಚೆಯೇ ನಿಂತಿದ್ದ. ಆ ಗೋಡೆಯ ಷರತ್ತು ಅವನಿಗೂ ಗೊತ್ತಿತ್ತು, ಅದಕ್ಕೇ ಒಳಗೆ ಕಾಲಿಡಲಿಲ್ಲ. ಬೈಕಿನ ಹ್ಯಾಂಡಲಿನಿಂದ ಒಂದು ಸ್ಟೀಲಿನ ಡಬ್ಬಿ ತೆಗೆದು, ತಂಗಿಯ ತಲೆಯ ಮೇಲಿಂದ ನನ್ನ ಕಡೆಗೆ ಚಾಚಿದ.

"ಮುಟ್ಟಮಾಲೆ. ಅಜ್ಜಿ ನಿಮಗೆ ಅಂತಲೇ ಕೊಟ್ಟದ್ದು ಸಾರ್," ಎಂದ. "ಕಳ್ಳ ಸಿಕ್ಕಿದನಾ?"